ಮಂಡಾಲೆಯ ಭೂಕಂಪ, ತೀರ್ಥಹಳ್ಳಿಯ ಒಂದು ಲಕ್ಷ: ಸೇನಾ ಸರ್ಕಾರದ ನಾಡಿಗೆ ನೆರವು ಕೊಡುವುದು ಹೇಗೆ?

2025ರ ಏಪ್ರಿಲ್‌ನಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಆಡಳಿತ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ, ಗೊಬ್ಬರದ ದಾಸ್ತಾನು ಮತ್ತು ಸುಸ್ತಿ ಸಾಲದ ವಿಷಯಗಳ ಕೆಳಗೆ, ಒಂದು ಸಾಲು ಸೇರಿತ್ತು. ಸಂಘದ ಧರ್ಮಾರ್ಥ ನಿಧಿಯಿಂದ ಮ್ಯಾನ್ಮಾರ್ ಭೂಕಂಪ ಸಂತ್ರಸ್ತರಿಗೆ ಒಂದು ಲಕ್ಷ ರೂಪಾಯಿ ಕೊಡುವ ಬಗ್ಗೆ. ಸೂಚಿಸಿದವರು ಸಂಘದ ಕಾರ್ಯದರ್ಶಿ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಹರಿದಾಗ ಹೆಸರೂ ಗೊತ್ತಿಲ್ಲದ ಊರುಗಳಿಂದ ಅಕ್ಕಿ, ಕಂಬಳಿ ಬಂದದ್ದನ್ನು ಅವರೇ ಲಾರಿಯಿಂದ ಇಳಿಸಿಕೊಂಡು ಹಂಚಿದ್ದರು. ಆ ಋಣ ಅವರ ಮನಸ್ಸಿನಲ್ಲಿತ್ತು.

ಐದು ನಿಮಿಷದಲ್ಲಿ ಮುಗಿಯಬೇಕಿದ್ದ ವಿಷಯ ಆ ಸಭೆಯಲ್ಲಿ ಮುಗಿಯಲಿಲ್ಲ. ಅಡ್ಡ ಬಂದ ಪ್ರಶ್ನೆ ಒಂದೇ: ಆ ದೇಶವನ್ನು ಆಳುತ್ತಿರುವುದು ಸೇನೆ, ನಾವು ಕೊಟ್ಟದ್ದು ಯಾರ ಕೈ ಸೇರುತ್ತದೆ? ನಾನು ಅದೇ ಸಂಘದ ಷೇರುದಾರ, ಶಿವಮೊಗ್ಗದಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವನು. ಮುಂದಿನ ಸಭೆಗೆ ಒಂದು ಟಿಪ್ಪಣಿ ಬರೆದುಕೊಂಡು ಬನ್ನಿ ಎಂದು ಅಧ್ಯಕ್ಷರು ಹೇಳಿದರು. ಆ ಟಿಪ್ಪಣಿಯನ್ನೂ ಸಭೆಯಲ್ಲಿ ನಡೆದ ಚರ್ಚೆಯನ್ನೂ ಸೇರಿಸಿ ಇಲ್ಲಿ ವಿಸ್ತರಿಸಿದ್ದೇನೆ. ದೆಹಲಿ, ವಾಷಿಂಗ್ಟನ್, ಬ್ರಸೆಲ್ಸ್‌ಗಳಲ್ಲಿ ಕೋಟಿಗಳ ಲೆಕ್ಕದಲ್ಲಿ ಏಳುವ ಪ್ರಶ್ನೆ ಒಂದು ಲಕ್ಷದ ಮಟ್ಟದಲ್ಲಿಯೂ ಹಾಗೆಯೇ ಏಳುತ್ತದೆ. ಚಿಕ್ಕ ಮೊತ್ತವಾದ್ದರಿಂದ ಅದರ ಎಳೆಗಳನ್ನು ಬಿಡಿಸಿ ನೋಡುವುದು ಸುಲಭವಾಯಿತು.

ಘಟನೆ

2025ರ ಮಾರ್ಚ್ 28ರಂದು ಮಧ್ಯ ಮ್ಯಾನ್ಮಾರ್‌ನಲ್ಲಿ 7.7 ತೀವ್ರತೆಯ ಭೂಕಂಪವಾಯಿತು. ಹೆಚ್ಚು ಹಾನಿಯಾದದ್ದು ಮಂಡಾಲೆ ಮತ್ತು ಸಗಾಯಿಂಗ್‌ನಲ್ಲಿ. ಬಾಲಗಂಗಾಧರ ತಿಲಕರು ಸೆರೆವಾಸ ಅನುಭವಿಸಿದ ಊರು ಎಂದು ನಮ್ಮ ಹಿರಿಯರಿಗೆ ಗೊತ್ತಿರುವ ಮಂಡಾಲೆ ಇದೇ. ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು.

ಆ ಹೊತ್ತಿಗೆ ದೇಶ ನಾಲ್ಕು ವರ್ಷಗಳಿಂದ ಅಂತರ್ಯುದ್ಧದಲ್ಲಿತ್ತು. 2020ರ ನವೆಂಬರ್ ಚುನಾವಣೆಯಲ್ಲಿ ಆಂಗ್ ಸಾನ್ ಸೂಕಿ ಅವರ ಪಕ್ಷ ಗೆದ್ದಿತ್ತು. 2021ರ ಫೆಬ್ರವರಿ 1ರಂದು ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ಅಧಿಕಾರ ಕಿತ್ತುಕೊಂಡರು. ಭೂಕಂಪವಾದ ಸಗಾಯಿಂಗ್ ಪ್ರಾಂತ್ಯ ಸೇನೆಯ ವಿರುದ್ಧದ ಹೋರಾಟಕ್ಕೆ ಹೆಸರಾದ ನೆಲ. ಅಲ್ಲಿನ ಅನೇಕ ಹಳ್ಳಿಗಳು ಸೇನೆಯ ಹಿಡಿತದಲ್ಲಿರಲಿಲ್ಲ. ಹೀಗಾಗಿ ಸಂತ್ರಸ್ತರಲ್ಲಿ ಒಂದು ದೊಡ್ಡ ಪಾಲು, ನೆರವು ಹಂಚಬೇಕಾದ ಸರ್ಕಾರವೇ ಶತ್ರುಗಳೆಂದು ಕಾಣುವ ಜನ.

ಭೂಕಂಪವಾದ ದಿನವೇ ಮಿನ್ ಆಂಗ್ ಹ್ಲೈಂಗ್ ಯಾವ ದೇಶವಾದರೂ ನೆರವಿಗೆ ಬರಬಹುದು ಎಂದು ಕರೆ ಕೊಟ್ಟರು. ಭಾರತ ಮರುದಿನವೇ ‘ಆಪರೇಷನ್ ಬ್ರಹ್ಮ’ ಆರಂಭಿಸಿತು. ಮೊದಲ ವಿಮಾನದಲ್ಲಿ 15 ಟನ್ ಸಾಮಗ್ರಿ, ಹಿಂದೆಯೇ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ 80 ಜನ, ಮಂಡಾಲೆಯಲ್ಲಿ ಆಸ್ಪತ್ರೆ ತೆರೆಯಲು ಸೇನಾ ವೈದ್ಯಕೀಯ ತಂಡದ 118 ಜನ. ಆ ಆಸ್ಪತ್ರೆ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿತು. ಚೀನಾ 100 ಕೋಟಿ ಯುವಾನ್ ನೆರವು ಘೋಷಿಸಿತು. ಅಮೆರಿಕ ಕಳಿಸಿದ್ದು ಮೂರು ಜನರ ತಂಡ. ಅಲ್ಲಿ ಕೆಲಸದಲ್ಲಿದ್ದಾಗಲೇ ಅವರಿಗೆ ವಜಾ ಆದೇಶ ತಲುಪಿತು.

ಸೇನೆಯನ್ನು ವಿರೋಧಿಸುವವರು ಕಟ್ಟಿಕೊಂಡ ಪರ್ಯಾಯ ಸರ್ಕಾರ ಎರಡು ವಾರ ದಾಳಿ ನಿಲ್ಲಿಸುವುದಾಗಿ ಹೇಳಿತು. ಸೇನೆ ಮಾತ್ರ ಭೂಕಂಪದ ನಂತರವೂ ವೈಮಾನಿಕ ದಾಳಿ ಮುಂದುವರಿಸಿತು. ಏಪ್ರಿಲ್ 1ರ ರಾತ್ರಿ ಶಾನ್ ರಾಜ್ಯದಲ್ಲಿ ಪರಿಹಾರ ಸಾಮಗ್ರಿ ಹೊತ್ತ ಚೀನಾ ರೆಡ್‌ಕ್ರಾಸ್ ವಾಹನಗಳ ಸಾಲಿನತ್ತ ಸೈನಿಕರು ಗುಂಡು ಹಾರಿಸಿದರು. ಎಚ್ಚರಿಕೆಯ ಗುಂಡು ಎಂದು ಸೇನೆ ಸಮಜಾಯಿಷಿ ಕೊಟ್ಟಿತು. ಮರುದಿನ ಕದನವಿರಾಮ ಘೋಷಣೆಯಾಯಿತು. ಅದಾದ ಮೇಲೂ ಬಾಂಬ್ ಬಿದ್ದ ವರದಿಗಳು ನಿಲ್ಲಲಿಲ್ಲ. ಏಪ್ರಿಲ್ 4ರಂದು ಬ್ಯಾಂಕಾಕ್‌ನಲ್ಲಿ ನಡೆದ, ಬಂಗಾಳ ಕೊಲ್ಲಿ ಸುತ್ತಲಿನ ದೇಶಗಳ ಕೂಟವಾದ ಬಿಮ್‌ಸ್ಟೆಕ್ ಶೃಂಗಸಭೆಗೆ ಹೋದ ಮಿನ್ ಆಂಗ್ ಹ್ಲೈಂಗ್ ಭಾರತದ ಪ್ರಧಾನಿಯನ್ನು ಭೇಟಿಯಾದರು. ನಾಲ್ಕು ವರ್ಷಗಳಲ್ಲಿ ಅವರನ್ನು ಕರೆದು ಕೂರಿಸಿದ ದೇಶಗಳು ಬೆರಳೆಣಿಕೆಯಷ್ಟು. ಊರು ಕುಸಿದು ಬಿದ್ದ ವಾರದಲ್ಲಿ ಅವರು ಪ್ರಧಾನಿಗಳ ಸಾಲಿನಲ್ಲಿ ಕುಳಿತರು.

ಅಡಿಕೆಯ ಮಾತು

ಸಭೆಯಲ್ಲಿ ಮೊದಲು ಎದ್ದ ಆಕ್ಷೇಪಕ್ಕೂ ಸೇನೆಗೂ ಸಂಬಂಧವಿರಲಿಲ್ಲ. ಒಬ್ಬ ನಿರ್ದೇಶಕರು ಅಂಗಿಯ ಜೇಬಿನಿಂದ ಒಂದು ಹಿಡಿ ಅಡಿಕೆ ತೆಗೆದು ಮೇಜಿನ ಮೇಲೆ ಸುರಿದರು. ಬೇಯಿಸಿ, ಚೊಗರು ಹಾಕಿ, ಒಣಗಿಸಿದ ನಮ್ಮ ರಾಶಿ ಅಡಿಕೆಯ ಕೆಂಪು ಹೊಳಪು ಅದಕ್ಕಿರಲಿಲ್ಲ. ಮಂಕು ಬಣ್ಣ, ಅಂಚಿನಲ್ಲಿ ಹುಳು ತೂತು. “ಇದು ಬರ್ಮಾ ಅಡಿಕೆ. ಇದನ್ನು ಬೆರೆಸಿ ನಮ್ಮ ಮಾಲಿನ ಹೆಸರು ಕೆಡಿಸುತ್ತಿದ್ದಾರೆ. ಎಲೆಚುಕ್ಕಿ ರೋಗಕ್ಕೆ ತೋಟ ಒಣಗುತ್ತಿದೆ, ಇತ್ತ ಬೆಲೆಗೂ ಇದರ ಹೊಡೆತ. ಅವರಿಗೆ ನಾವು ಹಣ ಕೊಡಬೇಕೆ ಮೇಷ್ಟ್ರೇ?”

ಈ ಸಿಟ್ಟಿಗೆ ಆಧಾರವಿದೆ. ಅಡಿಕೆ ಆಮದಿನ ಮೇಲೆ ಶೇಕಡಾ 100 ಸುಂಕವಿದೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಅಷ್ಟಾದರೂ ಮಿಜೋರಾಂನ ಚಂಫಾಯ್ ಕಡೆಯ ಗಡಿಯಿಂದ ಕಳ್ಳದಾರಿಯಲ್ಲಿ ಮಾಲು ಬರುತ್ತಲೇ ಇದೆ. ಬರ್ಮಾ ಅಡಿಕೆ ಎಂಬ ಹೆಸರಿನಲ್ಲಿ ಬರುವುದರಲ್ಲಿ ಇಂಡೋನೇಷ್ಯಾದ ಮಾಲೂ ಸೇರಿರುತ್ತದೆ. ಮ್ಯಾನ್ಮಾರ್ ಅದಕ್ಕೆ ದಾರಿ ಮಾತ್ರ. ಕಳ್ಳಸಾಗಣೆ ಮಾಡುವವನಿಗೂ ಸಗಾಯಿಂಗ್‌ನಲ್ಲಿ ಇಟ್ಟಿಗೆಯ ರಾಶಿಯಡಿ ಮಗುವನ್ನು ಹುಡುಕುತ್ತಿರುವ ತಾಯಿಗೂ ಏನು ಸಂಬಂಧ ಎಂದು ಕಾರ್ಯದರ್ಶಿ ಕೇಳಿದರು. ನಿರ್ದೇಶಕರು ಒಪ್ಪಿದರು, ಆದರೆ ಅಡಿಕೆಯನ್ನು ಮೇಜಿನಿಂದ ತೆಗೆಯಲಿಲ್ಲ.

ಎರಡನೆಯ ಆಕ್ಷೇಪ ತೂಕದ್ದು. ಎತ್ತಿದವರು ಎಂಬತ್ತರ ಆಸುಪಾಸಿನ ಹಿರಿಯ ಸದಸ್ಯರು, ಹಳೆಯ ಸಮಾಜವಾದಿ. 1951ರ ಕಾಗೋಡು ಸತ್ಯಾಗ್ರಹದ ಕಥೆ ಕೇಳುತ್ತ ಬೆಳೆದವರು, ಶಾಂತವೇರಿ ಗೋಪಾಲಗೌಡರ ಭಾಷಣಗಳನ್ನು ಎದುರು ಕೂತು ಕೇಳಿದವರು. “ಬಂದೂಕು ಹಿಡಿದು ಗದ್ದುಗೆ ಏರಿದವನಿಗೆ ಒಂದು ಪೈಸೆಯೂ ಸಲ್ಲಬಾರದು. ನಾವು ಕೊಟ್ಟ ಅಕ್ಕಿ ಪ್ರಜೆಗೆ ಹೋದರೂ, ಅಷ್ಟೇ ಅಕ್ಕಿಯ ದುಡ್ಡು ಅವನ ಖಜಾನೆಯಲ್ಲಿ ಉಳಿಯುತ್ತದೆ. ಉಳಿದ ದುಡ್ಡಿನಲ್ಲಿ ಅವನು ಗುಂಡು ಕೊಳ್ಳುತ್ತಾನೆ” ಎಂದರು. ವಿದೇಶಿ ನೆರವಿನ ವಿರುದ್ಧ ಅರ್ಥಶಾಸ್ತ್ರಜ್ಞರು ಹೂಡುವ ಮುಖ್ಯ ವಾದವನ್ನು ಅವರು ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದ್ದರು.

ಆ ವಾದ ನಿಲ್ಲಬೇಕಾದರೆ ಒಂದು ಷರತ್ತಿದೆ: ನೆರವು ಬರದಿದ್ದರೆ ಆ ಸರ್ಕಾರ ತನ್ನ ಹಣದಿಂದ ಜನರಿಗೆ ಅಕ್ಕಿ ಕೊಡುತ್ತಿತ್ತು ಎಂದಾಗಬೇಕು. ಮ್ಯಾನ್ಮಾರ್‌ನ ಸೇನೆ ಹಾಗೆ ಮಾಡುತ್ತದೆಯೇ? ಅದಕ್ಕೆ ಉತ್ತರ 2008ರಲ್ಲಿದೆ.

ನರ್ಗೀಸ್

2008ರ ಮೇ 2ರಂದು ನರ್ಗೀಸ್ ಚಂಡಮಾರುತ ಐರಾವತಿ ನದಿಯ ಮುಖಜ ಭೂಮಿಗೆ ಬಡಿಯಿತು. ಭಾರತದ ಹವಾಮಾನ ಇಲಾಖೆ ಎರಡು ದಿನ ಮೊದಲೇ ಅಲ್ಲಿನ ಸರ್ಕಾರಕ್ಕೆ ಎಚ್ಚರಿಕೆ ಕಳಿಸಿತ್ತು. ಸತ್ತವರು ಮತ್ತು ಕಾಣೆಯಾದವರು ಸೇರಿ ಸುಮಾರು 1,38,000. ಆಗ ಆಳುತ್ತಿದ್ದವರು ಜನರಲ್ ತಾನ್ ಶ್ವೆ. ವಿದೇಶಿ ಪರಿಹಾರ ಕಾರ್ಯಕರ್ತರಿಗೆ ವೀಸಾ ಸಿಗಲಿಲ್ಲ. ಸಾಮಗ್ರಿ ತುಂಬಿದ ಅಮೆರಿಕ ಮತ್ತು ಫ್ರಾನ್ಸ್‌ನ ಹಡಗುಗಳು ಕರಾವಳಿಯಾಚೆ ವಾರಗಟ್ಟಲೆ ಅನುಮತಿಗೆ ಕಾದವು. ಅಮೆರಿಕದ ಹಡಗುಗಳು ಹಾಗೆಯೇ ಹಿಂದಿರುಗಿದವು. ಹೆಣಗಳು ಗದ್ದೆಯ ನೀರಿನಲ್ಲಿ ತೇಲುತ್ತಿದ್ದಾಗಲೇ, ಮೇ 10ರಂದು, ಸೇನೆ ತನ್ನ ಹೊಸ ಸಂವಿಧಾನಕ್ಕೆ ದೇಶದ ಬಹುಭಾಗದಲ್ಲಿ ಜನಮತಗಣನೆ ನಡೆಸಿತು.

ಹೊರಗಿನ ನೆರವು ಬರದೆ ಹೋದಾಗ ತಾನು ಮುಂದೆ ಬಂದು ಅನ್ನ ಹಾಕುವ ಸರ್ಕಾರ ಅದಾಗಿರಲಿಲ್ಲ. ಆ ದಿನಗಳಲ್ಲಿ ಜನರನ್ನು ಉಳಿಸಿದ್ದು ಬೌದ್ಧ ವಿಹಾರಗಳ ಭಿಕ್ಷುಗಳು ಮತ್ತು ಯಾಂಗೂನ್‌ನಿಂದ ಕಾರು, ವ್ಯಾನುಗಳಲ್ಲಿ ಅನ್ನ, ನೀರು ತುಂಬಿಕೊಂಡು ಹೊರಟ ಸಾಮಾನ್ಯ ಜನ. ಅಂಥವರನ್ನು ಒಟ್ಟುಗೂಡಿಸಿದವರಲ್ಲಿ ಜರ್ಗನಾರ್ ಎಂಬ ಹಾಸ್ಯ ಕಲಾವಿದರೊಬ್ಬರಿದ್ದರು. ಪರಿಹಾರ ಸಿಗದ ಜನರ ಸ್ಥಿತಿಯನ್ನು ವಿದೇಶಿ ಮಾಧ್ಯಮಗಳಿಗೆ ಹೇಳಿದ ತಪ್ಪಿಗೆ ಜೂನ್‌ನಲ್ಲಿ ಅವರನ್ನು ಬಂಧಿಸಿದರು. ವಿಧಿಸಿದ ಶಿಕ್ಷೆ 59 ವರ್ಷ. ಆಮೇಲೆ ಅದನ್ನು 35ಕ್ಕೆ ಇಳಿಸಿದರು. ಬಿಡುಗಡೆಯಾದದ್ದು 2011ರಲ್ಲಿ.

ಅಕ್ಕಿ ಹಂಚಿದ್ದಕ್ಕೆ ಸೆರೆಮನೆ ಏಕೆ? ಈ ಪ್ರಕರಣದ ತಿರುಳು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಸೇನಾ ಸರ್ಕಾರಕ್ಕೆ ಅಕ್ಕಿಗಿಂತ ಹೆಚ್ಚಾಗಿ ಬೇಕಾಗಿರುವುದು ಅಕ್ಕಿ ಕೊಡುವ ಕೈ ತನ್ನದೊಂದೇ ಆಗಿರಬೇಕು ಎಂಬುದು. ಕೊಡುವ ಕೈ ಬೇರೆಯಾದರೆ ಜನ ಆ ಕಡೆ ನೋಡುತ್ತಾರೆ, ಅಲ್ಲಿ ಸಂಘಟನೆ ಹುಟ್ಟುತ್ತದೆ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬ ಪಟ್ಟಿ ಬರೆಯುವ ಅಧಿಕಾರವನ್ನು ಚುನಾವಣೆ ಗೆಲ್ಲದ ಸರ್ಕಾರ ಪ್ರಾಣ ಹೋದರೂ ಬಿಡುವುದಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಶರಾವತಿ ಮುಳುಗಡೆಯ ಕುಟುಂಬಗಳ ಪಕ್ಕದಲ್ಲಿ ಬದುಕುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಕ್ಕುಪತ್ರಕ್ಕಾಗಿ ಅಲೆದಾಟ ಮೊಮ್ಮಕ್ಕಳ ಕಾಲಕ್ಕೂ ಮುಂದುವರಿದಿದೆ. ಅದು ಚುನಾಯಿತ ಸರ್ಕಾರಗಳ ಕೆಳಗೆ ನಡೆದದ್ದು. ಇನ್ನು ಪ್ರಶ್ನಿಸಿದವರನ್ನು ಜೈಲಿಗೆ ಹಾಕುವ ಸರ್ಕಾರದ ಕೈಯಲ್ಲಿ ಆ ಪಟ್ಟಿ ಏನಾಗುತ್ತದೆಂದು ಊಹಿಸಿಕೊಳ್ಳಬಹುದು.

2021ರ ನಂತರ ಸೇನೆ ಈ ಹಿಡಿತವನ್ನು ಇನ್ನೂ ಬಿಗಿಗೊಳಿಸಿತು. 2022ರ ಅಕ್ಟೋಬರ್‌ನಲ್ಲಿ ತಂದ ಕಾನೂನಿನ ಪ್ರಕಾರ ನೋಂದಣಿಯಿಲ್ಲದೆ ಸೇವಾ ಸಂಸ್ಥೆ ನಡೆಸಿದರೆ ಜೈಲು. 2023ರ ಮೇ ತಿಂಗಳಲ್ಲಿ ಮೋಖಾ ಚಂಡಮಾರುತ ರಖೈನ್ ರಾಜ್ಯವನ್ನು ಹೊಡೆದುರುಳಿಸಿದಾಗ, ಪರಿಹಾರ ಕಾರ್ಯಕರ್ತರಿಗೆ ಕೊಟ್ಟಿದ್ದ ಪ್ರಯಾಣದ ಅನುಮತಿಯನ್ನು ತಿಂಗಳೊಳಗೆ ಹಿಂತೆಗೆದುಕೊಂಡರು.

ಹಣ ಕರಗುವ ಬಗೆ

ಟಿಪ್ಪಣಿಯಲ್ಲಿ ಸಭೆಯ ಗಮನವನ್ನು ಹೆಚ್ಚು ಸೆಳೆದದ್ದು ಈ ಭಾಗ. ಲೇವಾದೇವಿ ಗೊತ್ತಿರುವ ಜನ, ಲೆಕ್ಕ ತಟ್ಟನೆ ಹಿಡಿದರು.

2022ರ ಏಪ್ರಿಲ್‌ನಲ್ಲಿ ಮ್ಯಾನ್ಮಾರ್‌ನ ಕೇಂದ್ರ ಬ್ಯಾಂಕು ಒಂದು ಆದೇಶ ಹೊರಡಿಸಿತು. ದೇಶದೊಳಗೆ ಬರುವ ವಿದೇಶಿ ಹಣವನ್ನು ಸರ್ಕಾರಿ ದರದಲ್ಲಿ ಸ್ಥಳೀಯ ಕ್ಯಾಟ್‌ಗೆ ಬದಲಾಯಿಸಬೇಕು. ಆ ವರ್ಷದ ಆಗಸ್ಟ್‌ನಲ್ಲಿ ಸರ್ಕಾರಿ ದರ ಡಾಲರ್‌ಗೆ 2,100 ಕ್ಯಾಟ್ ಎಂದು ನಿಗದಿಯಾಯಿತು. ಪೇಟೆಯ ದರ ಏರುತ್ತ ಹೋಗಿ 2024ರ ಹೊತ್ತಿಗೆ 4,000 ದಾಟಿತು. ಹತ್ತು ಸಾವಿರ ಡಾಲರ್ ನೆರವನ್ನು ಸರ್ಕಾರಿ ದರದಲ್ಲಿ ಬದಲಾಯಿಸಿದರೆ 2.1 ಕೋಟಿ ಕ್ಯಾಟ್ ಸಿಗುತ್ತದೆ; ಅಕ್ಕಿ, ತಗಡು, ಔಷಧ ಕೊಳ್ಳುವುದು ಪೇಟೆಯ ಬೆಲೆಗೆ. ಅರ್ಧದಷ್ಟು ಹಣ ಕಾಗದದ ಮೇಲೆ ಎಲ್ಲಿಯೂ ಕಳವಾಗದೆ, ಯಾರೂ ಲಂಚ ತಿನ್ನದೆ, ಕರಗಿ ಹೋಗುತ್ತದೆ. ಡಾಲರ್ ಬ್ಯಾಂಕಿನಲ್ಲಿ ಉಳಿಯುತ್ತದೆ. ಆ ಬ್ಯಾಂಕು ಸೇನೆಯ ಕೈಯಲ್ಲಿದೆ, ಯುದ್ಧ ವಿಮಾನದ ಇಂಧನಕ್ಕೂ ಬಿಡಿಭಾಗಕ್ಕೂ ಕೊಡಬೇಕಾದದ್ದು ಡಾಲರ್. ಕೆಲವು ಸಂಸ್ಥೆಗಳಿಗೆ ವಿನಾಯಿತಿ ಸಿಕ್ಕಿದ್ದುಂಟು. ವಿನಾಯಿತಿ ಕೊಡುವವರೂ ಅವರೇ.

“ಹಾಗಾದರೆ ದುಡ್ಡು ಬೇಡ, ಸಾಮಾನು ಕಳಿಸೋಣ” ಎಂದು ಅಧ್ಯಕ್ಷರು ಹೇಳಿದರು. ಮಂಡಾಲೆಯ ಆಸ್ಪತ್ರೆಯ ಬಗ್ಗೆ ನನಗೆ ಗೌರವ ಮೂಡಿದ್ದು ಇದೇ ಕಾರಣಕ್ಕೆ. ಔಷಧ ನಮ್ಮದು, ವೈದ್ಯರು ನಮ್ಮವರು, ಬಾಗಿಲಿಗೆ ಬಂದ ರೋಗಿಯ ಕಾಲಿಗೆ ಪಟ್ಟಿ ಕಟ್ಟುವವರೂ ನಮ್ಮವರೇ. ಬ್ಯಾಂಕಿನ ಆದೇಶ ಅಲ್ಲಿ ನಡೆಯುವುದಿಲ್ಲ. ಆದರೆ ಆಸ್ಪತ್ರೆ ಎಲ್ಲಿರಬೇಕೆಂದು ಒಪ್ಪಿಗೆ ಕೊಟ್ಟವರು ಸೇನೆಯವರು. ಹೋರಾಟಗಾರರ ಹಿಡಿತದಲ್ಲಿದ್ದ ಸಗಾಯಿಂಗ್‌ನ ಹಳ್ಳಿಯ ಗಾಯಾಳು ಸೇನೆಯ ತಪಾಸಣಾ ಠಾಣೆಗಳನ್ನು ದಾಟಿ ಮಂಡಾಲೆಗೆ ಬರುವ ಧೈರ್ಯ ಮಾಡಬೇಕಿತ್ತು.

ನೆರವು ನಿಲ್ಲಿಸಿದರೆ?

ಹಿರಿಯರ ವಾದದ ಇನ್ನೊಂದು ಅರ್ಧ: ನೆರವು ನಿಲ್ಲಿಸಿ ಉಸಿರು ಕಟ್ಟಿಸಿದರೆ ಸೇನಾ ಸರ್ಕಾರ ಬೀಳುತ್ತದೆ. ಇದನ್ನು ಒಪ್ಪಲು ನನಗೆ ಆಗುವುದಿಲ್ಲ. 1988ರ ದಂಗೆಯನ್ನು ಸೇನೆ ಹತ್ತಿಕ್ಕಿದ ಮೇಲೆ ಪಾಶ್ಚಾತ್ಯ ದೇಶಗಳು ನೆರವು ಕಡಿತ ಮಾಡಿದವು. ತಲಾವಾರು ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಕಡಿಮೆ ನೆರವು ಪಡೆಯುವ ಬಡ ದೇಶಗಳಲ್ಲಿ ಮ್ಯಾನ್ಮಾರ್ ಒಂದಾಯಿತು. ಸೇನೆ ಮತ್ತೆರಡು ದಶಕ ನಿರಾತಂಕವಾಗಿ ಆಳಿತು, ಏಕೆಂದರೆ ಅದರ ಆದಾಯ ನೆರವಿನದಲ್ಲ. ಸಮುದ್ರದ ಯಾದನಾ ಬಾವಿಯ ಅನಿಲ ಥಾಯ್ಲೆಂಡ್‌ಗೆ ಹೋಗುತ್ತದೆ, ಡಾಲರ್ ಬರುತ್ತದೆ. ಮರ, ಹರಳು ಬೇರೆ. ಔಷಧದ ಪೆಟ್ಟಿಗೆ ತಡೆದರೆ ಸಾಯುವವನು ರೋಗಿ; ಅನಿಲದ ದುಡ್ಡು ತಡೆದರೆ ನೋವಾಗುವುದು ಜನರಲ್‌ಗೆ. 2022ರಲ್ಲಿ ಯುರೋಪ್ ಒಕ್ಕೂಟ ಅಲ್ಲಿನ ಸರ್ಕಾರಿ ತೈಲ ಮತ್ತು ಅನಿಲ ಸಂಸ್ಥೆಯ ಮೇಲೆ ನಿರ್ಬಂಧ ಹೇರಿದ್ದು ಸರಿಯಾದ ಜಾಗಕ್ಕೆ ಕೈ ಹಾಕಿದಂತೆ.

ದೊಡ್ಡ ದೇಶಗಳ ನಿಯಮಗಳ ಬಗ್ಗೆಯೂ ಸಭೆಯಲ್ಲಿ ಕೇಳಿದರು. ಚುನಾಯಿತ ಸರ್ಕಾರವನ್ನು ಸೇನೆ ಕೆಡವಿದರೆ ನೆರವು ನಿಲ್ಲಬೇಕೆಂದು ಅಮೆರಿಕದಲ್ಲಿ ಕಾನೂನೇ ಇದೆ. 2013ರಲ್ಲಿ ಈಜಿಪ್ಟ್‌ನಲ್ಲಿ ಅದೇ ಆದಾಗ, ಅದು ಸೇನಾ ದಂಗೆಯೋ ಅಲ್ಲವೋ ಎಂದು ತೀರ್ಮಾನಿಸುವುದನ್ನೇ ಅಮೆರಿಕ ಸರ್ಕಾರ ಕೈಬಿಟ್ಟಿತು. ಪಾಕಿಸ್ತಾನದ ಸೇನಾಡಳಿತಗಾರ ಜಿಯಾ ಉಲ್ ಹಕ್ ಅವರಿಗೆ, ಅಣ್ವಸ್ತ್ರ ಯತ್ನದ ಕಾರಣಕ್ಕೆ, 1979ರಲ್ಲಿ ನಿಂತ ನೆರವು, ಸೋವಿಯತ್ ಪಡೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ 1981ರಲ್ಲಿ 320 ಕೋಟಿ ಡಾಲರ್ ಆಗಿ ಮರಳಿತು. ಕೊಡುವವನಿಗೆ ಕೆಲಸವಿದ್ದಾಗ ಕಾನೂನು ಬಾಗುತ್ತದೆ.

ಭಾರತವೂ ಇದಕ್ಕೆ ಹೊರತಲ್ಲ. ಮ್ಯಾನ್ಮಾರ್‌ಗೆಂದು 2024-25ರ ಬಜೆಟ್‌ನಲ್ಲಿ 250 ಕೋಟಿ, 2025-26ರಲ್ಲಿ 350 ಕೋಟಿ ರೂಪಾಯಿ ಇಡಲಾಗಿದೆ. 1,643 ಕಿಲೋಮೀಟರ್ ಗಡಿ ಹಂಚಿಕೊಂಡಿದ್ದೇವೆ, ನಾವು ಹಿಂದೆ ಸರಿದರೆ ಚೀನಾ ತುಂಬಿಕೊಳ್ಳುತ್ತದೆ ಎಂಬುದು ದೆಹಲಿಯ ವಾದ. ಆದರೆ ನೆಲದ ಸ್ಥಿತಿ ಬದಲಾಗಿದೆ. ಮ್ಯಾನ್ಮಾರ್‌ನ ಬಂದರಿನಿಂದ ಮಿಜೋರಾಂಗೆ ದಾರಿ ಮಾಡಲು 2008ರಲ್ಲಿ ಒಪ್ಪಂದವಾದ ಕಲಾದಾನ್ ಯೋಜನೆಯ ದಾರಿಯಲ್ಲಿರುವ ಪಲೆತ್ವಾ ಪಟ್ಟಣ 2024ರ ಜನವರಿಯಲ್ಲಿ, ಸರ್ಕಾರಿ ಸೇನೆಯ ವಿರುದ್ಧ ಹೋರಾಡುವ ಅರಕಾನ್ ಆರ್ಮಿ ಎಂಬ ಸಶಸ್ತ್ರ ಗುಂಪಿನ ವಶವಾಯಿತು. ನಾವು ಒಪ್ಪಂದ ಮಾಡಿಕೊಂಡ ಸರ್ಕಾರಕ್ಕೆ ಆ ರಸ್ತೆಯ ಮೇಲೆ ಅಧಿಕಾರವೇ ಉಳಿದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಅಂಕಿ. ಸೇನಾ ದಂಗೆಯ ನಂತರ ಮ್ಯಾನ್ಮಾರ್ ಸೇನೆ ತರಿಸಿಕೊಂಡ ಶಸ್ತ್ರ ಮತ್ತು ಸಂಬಂಧಿತ ಸಾಮಗ್ರಿಯ ಮೌಲ್ಯ ಸುಮಾರು 100 ಕೋಟಿ ಡಾಲರ್ ಎಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ 2023ರ ಮೇ ತಿಂಗಳಲ್ಲಿ ಲೆಕ್ಕ ಕೊಟ್ಟರು. ರಷ್ಯಾ, ಚೀನಾ, ಸಿಂಗಪುರ ಮೊದಲ ಸಾಲಿನಲ್ಲಿವೆ. ಭಾರತದಿಂದ ಹೋದದ್ದು 5.1 ಕೋಟಿ ಡಾಲರ್‌ನದು. ಗಾಯಕ್ಕೆ ಪಟ್ಟಿ ಕಟ್ಟಿದ ನಾಡಿನ ಹೆಸರು ಈ ಪಟ್ಟಿಯಲ್ಲಿಯೂ ಇದೆ. ಇದನ್ನು ಓದಿ ಹೇಳಿದಾಗ ಹಿರಿಯರು ನನ್ನತ್ತ ನೋಡಿ, “ಇದನ್ನು ಮೊದಲೇ ಹೇಳಬೇಕಿತ್ತು” ಎಂದರು.

ಮೂರು ದಾರಿ, ಒಂದು ಠರಾವು

ಸಹಕಾರ ಸಂಘವೊಂದು ವಿದೇಶಕ್ಕೆ ನೇರವಾಗಿ ಹಣ ಕಳಿಸುವುದು ಕಾನೂನಿನಲ್ಲಿ ಸುಲಭವಿಲ್ಲ. ಕೇಂದ್ರ ಸರ್ಕಾರದ ಮೂಲಕ ಕೊಡಬಹುದು, ಭಾರತೀಯ ರೆಡ್‌ಕ್ರಾಸ್ ಮೂಲಕ ಕೊಡಬಹುದು. ಎರಡೂ ಕಡೆ ಸಾಮಗ್ರಿ ಮುಟ್ಟುವುದು ಕೊನೆಗೆ ಮ್ಯಾನ್ಮಾರ್‌ನ ಅಧಿಕೃತ ಸಂಸ್ಥೆಗಳಿಗೆ. ಮೂರನೆಯ ದಾರಿ ಮಿಜೋರಾಂ. ದಂಗೆಯ ನಂತರ ಗಡಿ ದಾಟಿ ಬಂದ ಮೂವತ್ತು ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ಚಿನ್ ಸಮುದಾಯದವರು, ಅಲ್ಲಿ ಆಶ್ರಯ ಪಡೆದಿದ್ದಾರೆ. 2021ರ ಮಾರ್ಚ್‌ನಲ್ಲಿ ಇವರನ್ನು ತಡೆಯಿರಿ ಎಂದು ಕೇಂದ್ರ ಸೂಚಿಸಿದಾಗ, ಅಂದಿನ ಮುಖ್ಯಮಂತ್ರಿ ಜೋರಾಮ್‌ಥಂಗಾ ಇವರು ನಮ್ಮ ರಕ್ತಸಂಬಂಧಿಗಳು, ಕೈಬಿಡಲಾರೆವು ಎಂದು ಪ್ರಧಾನಿಗೆ ಪತ್ರ ಬರೆದರು. ಅಲ್ಲಿನ ಚರ್ಚುಗಳು, ಯುವಜನ ಸಂಘಗಳು ಮನೆಮನೆಯಿಂದ ಅಕ್ಕಿ ಎತ್ತಿ ಶಿಬಿರ ನಡೆಸುತ್ತಿವೆ. ಅಲ್ಲಿಗೆ ಕಳಿಸಿದ ಹಣ ಭಾರತದೊಳಗೇ ಇರುತ್ತದೆ, ರಸೀದಿ ಸಿಗುತ್ತದೆ, ಅದಕ್ಕೆ ಯಾವ ಜನರಲ್‌ನ ಸಹಿಯೂ ಬೇಕಿಲ್ಲ.

ನನ್ನ ಟಿಪ್ಪಣಿಯ ಶಿಫಾರಸು ಈ ಮೂರನೆಯದು. ಜೊತೆಗೆ ಭಾರತ ಸರ್ಕಾರದಿಂದ ನಾವು ಏನು ಕೇಳಬೇಕು ಎಂಬುದನ್ನೂ ಬರೆದಿದ್ದೆ. ವಿಪತ್ತಿನಲ್ಲಿ ಔಷಧ, ಆಹಾರ, ವೈದ್ಯರು ಹೋಗಲಿ, ಆಳುವವನು ಯಾರೆಂದು ನೋಡದೆ ಹೋಗಲಿ. ಹಂಚುವ ಕೈ ನಮ್ಮದೋ ಸ್ಥಳೀಯ ಜನರದೋ ಆಗಿರಲಿ, ಗಡಿಯಾಚೆಯ ಪ್ರದೇಶಗಳಿಗೆ ಮಿಜೋರಾಂ ಕಡೆಯಿಂದಲೂ ಹೋಗಲಿ. ಖಜಾನೆಗೆ ಸೇರುವ ನಗದು ಬೇಡ. ಶಸ್ತ್ರವಂತೂ ಒಂದು ಮೊಳೆಯಷ್ಟೂ ಬೇಡ. ಆಸ್ಪತ್ರೆಯ ಬೆಲೆಯಾಗಿ ಶೃಂಗಸಭೆಯ ಕುರ್ಚಿ ಕೊಡುವುದೂ ಬೇಡ. ಇದರಿಂದ ಸೇನೆ ಮುನಿದು ಬಾಗಿಲು ಹಾಕಿದರೆ? 2008ರಂತೆ ಹಾಕಲೂಬಹುದು. ಆದರೂ ಅಂದು ಮೂರು ವಾರದ ಮೇಲೆ, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಹೋಗಿ ಮಾತಾಡಿದ ನಂತರ, ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟವಾದ ಆಸಿಯಾನ್ ನಡುವೆ ನಿಂತು ಬಾಗಿಲು ತೆರೆಸಿತ್ತು. ನೆರೆಯವರು ಒಟ್ಟಾಗಿ ಒತ್ತಿದರೆ ಆ ಬಾಗಿಲು ತೆರೆಯುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಸಭೆ ಒಂದು ಲಕ್ಷವನ್ನು ಮಿಜೋರಾಂನ ಶಿಬಿರದ ಔಷಧ ವೆಚ್ಚಕ್ಕೆ ಕೊಡಲು ಒಪ್ಪಿತು. ಶಸ್ತ್ರ ಪೂರೈಕೆ ನಿಲ್ಲಬೇಕು ಎಂಬ ಪತ್ರ ಸಂಸದರಿಗೆ ಹೋಗಬೇಕೆಂಬುದು ಹಿರಿಯರ ಪಟ್ಟು. ಅದೂ ಠರಾವಿಗೆ ಸೇರಿತು. ಅಡಿಕೆ ತಂದಿದ್ದ ನಿರ್ದೇಶಕರು ಅದೇ ಪತ್ರದಲ್ಲಿ ಚಂಫಾಯ್ ಗಡಿಯ ಕಳ್ಳಸಾಗಣೆಯ ಮಾತನ್ನೂ ಸೇರಿಸಬೇಕೆಂದರು. ಬೇರೆ ಪತ್ರ ಬರೆಯೋಣ ಎಂದು ಅಧ್ಯಕ್ಷರು ಸಮಾಧಾನ ಮಾಡಿದರು.

ಒಬ್ಬರು ಮಾತ್ರ ಒಪ್ಪಲಿಲ್ಲ. ಸ್ವಸಹಾಯ ಗುಂಪಿನ ಕಡೆಯಿಂದ ಮಂಡಳಿಗೆ ಬಂದಿದ್ದ ಮಹಿಳಾ ನಿರ್ದೇಶಕಿ. “ಭೂಕಂಪವಾದದ್ದು ಸಗಾಯಿಂಗ್‌ನಲ್ಲಿ, ನಾವು ಕೊಡುತ್ತಿರುವುದು ಮಿಜೋರಾಂಗೆ. ಶಿಬಿರದವರಿಗೂ ಕಷ್ಟವಿದೆ, ಕೊಡೋಣ. ಆದರೆ ಮನೆ ಬಿದ್ದವಳಿಗೆ ನಾವು ಏನನ್ನೂ ಕೊಡಲಿಲ್ಲ ಎಂಬುದು ಬರಹದಲ್ಲಿ ಇರಲಿ. ಅರ್ಧ ದುಡ್ಡು ಕರಗಿದರೂ ಉಳಿದರ್ಧ ಅವಳಿಗೆ ಸಿಗುತ್ತಿತ್ತಲ್ಲ?” ಎಂದರು. ಆ ಅರ್ಧ ಅವಳಿಗೇ ಸಿಗುತ್ತಿತ್ತು ಎಂದು ಹೇಳಲು ನನ್ನಲ್ಲಿ ಆಧಾರವಿರಲಿಲ್ಲ, ಸಿಗುತ್ತಿರಲಿಲ್ಲ ಎಂದು ಹೇಳಲೂ ಇರಲಿಲ್ಲ. ಕಾರ್ಯದರ್ಶಿ ಅವರ ಆಕ್ಷೇಪವನ್ನು ಅವರದೇ ಮಾತುಗಳಲ್ಲಿ ನಡಾವಳಿ ಪುಸ್ತಕದಲ್ಲಿ ಬರೆದರು. ಠರಾವಿನ ಪ್ರತಿಯ ಜೊತೆಗೆ ಅದೂ ಸಂಸದರ ಕಚೇರಿಗೆ ಹೋಗಿದೆ.